ಶುರುವೇ ಆಗದ ಕಿಲ್ನ್ ಶಾಕ್ ಹೊಡೆದದ್ದು

ಸೆಪ್ಟೆಂಬರ್ ತಿಂಗಳ ಒಂದು ಸಂಜೆ ಆರೂವರೆ ಹೊತ್ತಿಗೆ ಫೋನ್ ಬಂತು. "ಮಾಷ್ಟ್ರೆ, ಹುಡುಗನಿಗೆ ಕಿಲ್ನ್‌ನಿಂದ ಕರೆಂಟ್ ಹೊಡೀತು. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ, ಮಾತಾಡ್ತಾ ಇದ್ದಾನೆ. ಆದ್ರೆ ಕಿಲ್ನ್ ಇನ್ನೂ ಶುರುವೇ ಆಗಿರ್ಲಿಲ್ಲ. ಟೈಮರ್ ಹತ್ತು ಗಂಟೆಗೆ ಇಟ್ಟದ್ದು."

ಹುಡುಗನ ಸುದ್ದಿ ಕೇಳಿ ನನಗೆ ಕೈಕಾಲು ತಣ್ಣಗಾಯಿತು. ಅವನು ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು, ಇಸಿಜಿ ಸರಿಯಿದೆ ಎಂದ ಮೇಲೆ ಮನೆಗೆ ಬಂದ. ಆದರೆ ಈ ಬರಹ ಹುಟ್ಟಿದ್ದು ಆ ಫೋನಿನ ಕೊನೆಯ ಎರಡು ಮಾತುಗಳಿಂದ. ಕಿಲ್ನ್ ಎಂದರೆ ಇಲ್ಲಿ ಮಣ್ಣಿನ ಪಾತ್ರೆ ಸುಡುವ ಕರೆಂಟಿನ ಒಲೆ. ಶುರುವಾಗದ ಕಿಲ್ನ್‌ನಲ್ಲಿ ಕರೆಂಟ್ ಹೇಗೆ ಬಂತು? ಅದಕ್ಕೆ ಉತ್ತರ ಸಿಗಲು ನನಗೆ ನಾಲ್ಕು ದಿನ ಬೇಕಾಯಿತು. ಅದರಲ್ಲಿ ಎರಡು ದಿನ ನನ್ನದೇ ತಪ್ಪಿನಿಂದ ಹಾಳಾಯಿತು.

ಊರು, ಹೆಸರು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ, ಕಡಲಿನಿಂದ ಸ್ವಲ್ಪ ಒಳಗೆ ಎಂದರೆ ಸಾಕು. ನಾನು ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸಿ ನಿವೃತ್ತನಾದವನು. ಈಗ ಮಂಜೇಶ್ವರದಿಂದ ಮುಳ್ಳೇರಿಯದ ತನಕ ಕಿಲ್ನ್, ಬೇಕರಿ ಓವನ್, ಅಡಿಕೆ ಡ್ರೈಯರ್ ರಿಪೇರಿಗೆ ಕರೆದಲ್ಲಿಗೆ ಹೋಗುತ್ತೇನೆ.

ಹಿನ್ನೆಲೆ

ಆ ಕಿಲ್ನ್‌ನ ಒಡತಿಯನ್ನು ಇಲ್ಲಿ ಅಕ್ಕ ಎನ್ನುತ್ತೇನೆ. ಅಕ್ಕನ ಗಂಡನ ಮನೆಯವರು ತಲೆತಲಾಂತರದಿಂದ ಕುಂಬಾರರು. ಮೀನುಸಾರಿನ ಬಿಸಲೆ, ನೀರಿನ ಮಡಕೆ, ದೀಪಾವಳಿಗೆ ಹಣತೆ. ಸೌದೆ, ತೆಂಗಿನ ಸೋಗೆ, ಹುಲ್ಲು ಒಟ್ಟಿ ಆವಿಗೆಯಲ್ಲಿ ಸುಡುತ್ತಿದ್ದರು. ಬೇಕಲದ ಕಡೆಯ ಅಂಗಡಿಗಳಿಂದ ಗ್ಲೇಜ್ ಹಾಕಿದ ಮಗ್ಗು, ಬಟ್ಟಲುಗಳಿಗೆ ಬೇಡಿಕೆ ಬಂದಾಗ ಅಕ್ಕ ಒಂದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಿಲ್ನ್ ತರಿಸಿದರು. ಮುಂದಿನಿಂದ ಬಾಗಿಲು, ಒಳಗೆ ಸುಮಾರು ಎರಡಡಿ ಉದ್ದಗಲ, 9 ಕಿಲೋವ್ಯಾಟ್, ತ್ರೀ ಫೇಸ್. ಹಗುರ ಇಟ್ಟಿಗೆಯ ಗೋಡೆ, ಅದರ ಕೊರಕಲಿನಲ್ಲಿ ಕಾದು ಬಿಸಿ ಕೊಡುವ ಕಾಂಥಾಲ್ ತಂತಿಯ ಸುರುಳಿ, ಹೊರಗೆ ತಗಡಿನ ಕವಚ. ಅಕ್ಕನ ಅತ್ತೆಯವರು ಅದಕ್ಕೆ ಇಟ್ಟ ಹೆಸರು "ಕರೆಂಟಿನ ಆವಿಗೆ". ನನಗೆ ಅದಕ್ಕಿಂತ ಒಳ್ಳೆಯ ಹೆಸರು ಸಿಕ್ಕಿಲ್ಲ.

ಶೆಡ್ ಮುರಕಲ್ಲಿನದು. ಮೇಲೆ ಶೀಟು, ಒಂದು ಬದಿ ಅರ್ಧಗೋಡೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ ಅರ್ಧಗೋಡೆ ಎಂದರೆ ಜೂನ್‌ನಿಂದ ಆಗಸ್ಟ್ ತನಕ ಎರಚಲು ಒಳಗೇ ಎಂದು ಅರ್ಥ. ಆ ಮೂರು ತಿಂಗಳು ಕಿಲ್ನ್‌ಗೆ ರಜೆ. ಚೌತಿ ಕಳೆದ ಮೇಲೆ ಹಣತೆಯ ಆರ್ಡರ್ ಬಂದಾಗ ಮತ್ತೆ ಹಚ್ಚುವುದು.

ಮೊದಲ ವರ್ಷ ಆ ರಜೆ ಮುಗಿದು ಕಿಲ್ನ್ ಹಚ್ಚಿದಾಗ ಅರ್ಧ ಗಂಟೆಯೊಳಗೆ ಇಎಲ್‌ಸಿಬಿ ಬಿತ್ತು. ಪೆಟ್ಟಿಗೆಯ ಮೇಲೆ ಬರೆದಿರುವುದು ಆರ್‌ಸಿಸಿಬಿ ಎಂದು, ನಮ್ಮೂರಲ್ಲಿ ಎಲ್ಲರೂ ಹೇಳುವುದು ಇಎಲ್‌ಸಿಬಿ ಎಂದು. ಹೋದ ಕರೆಂಟ್ ಪೂರ್ತಿ ವಾಪಸ್ಸು ಬರುತ್ತಿಲ್ಲ, ಎಲ್ಲೋ ಸೋರುತ್ತಿದೆ ಎಂದು ಗೊತ್ತಾದರೆ ಲೈನ್ ಕಡಿಯುವ ಸಾಧನ ಅದು. 30 ಮಿಲಿ ಆಂಪಿಯರ್‌ನದು. ಎತ್ತಿದರೆ ಮತ್ತೆ ಬೀಳುತ್ತಿತ್ತು. ಮಲಯಾಳ ಮಾತಾಡುವ ಒಬ್ಬ ಎಲೆಕ್ಟ್ರಿಷಿಯನ್ ಬಂದು ನೋಡಿ, ಕಿಲ್ನ್‌ನ ಲೈನನ್ನು ಇಎಲ್‌ಸಿಬಿಯಿಂದ ಬಿಡಿಸಿ ನೇರ ಎಂಸಿಬಿಗೆ ಕೊಟ್ಟರು. ಎಂಸಿಬಿ ಬೀಳುವುದು ಮಿತಿ ಮೀರಿ ಕರೆಂಟ್ ಹರಿದರೆ ಮಾತ್ರ, ಸಣ್ಣ ಸೋರಿಕೆ ಅದಕ್ಕೆ ತಿಳಿಯುವುದಿಲ್ಲ. "ತಾಲ್ಕಾಲಿಕಂ" ಎಂದೂ ಹೇಳಿದರು. ಎಲ್ಲರಿಗೂ ಅರ್ಥವಾಗುವ ಮಾತು. ಗಡಿಯಲ್ಲಿ ಏನು ಎಡವಟ್ಟಾದರೂ ಭಾಷೆಯ ಮೇಲೆ ಹಾಕುವ ಅಭ್ಯಾಸ ನಮಗಿದೆ, ಇಲ್ಲಿ ಹಾಗೆ ಹೇಳುವಂತಿಲ್ಲ. ತಾತ್ಕಾಲಿಕ ಎಂದು ಅವರಿಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಇಟ್ಟಿಗೆ ಒಣಗಿತು, ಹಣತೆ ಸುಟ್ಟಾಯಿತು, ಆ ತಾತ್ಕಾಲಿಕ ಮತ್ತೆರಡು ಮಳೆಗಾಲ ಕಂಡಿತು.

ಆ ಎಲೆಕ್ಟ್ರಿಷಿಯನ್ ಬಗ್ಗೆ ಒಂದು ಮಾತು. ಆ ದಿನದ ಮಟ್ಟಿಗೆ ಅವರ ಅಂದಾಜು ತಪ್ಪಿರಲಿಲ್ಲ. ಹಗುರ ಇಟ್ಟಿಗೆ ಸ್ಪಂಜಿನ ಹಾಗೆ, ಮೂರು ತಿಂಗಳ ಮಳೆಯ ಗಾಳಿಗೆ ನೀರು ಕುಡಿದು ಕೂತಿರುತ್ತದೆ. ಒದ್ದೆ ಇಟ್ಟಿಗೆಯ ಮೂಲಕ ಸುರುಳಿಯಿಂದ ಕವಚಕ್ಕೆ ಕರೆಂಟ್ ಸೋರುತ್ತದೆ, ಅರ್ತ್ ತಂತಿ ಅದನ್ನು ನೆಲಕ್ಕೆ ಒಯ್ಯುತ್ತದೆ, ಇಎಲ್‌ಸಿಬಿ ಬೀಳುತ್ತದೆ. ಇಟ್ಟಿಗೆ ಒಣಗಿದರೆ ಸೋರಿಕೆ ನಿಲ್ಲುತ್ತದೆ. ಆಗ ಲೈನನ್ನು ಮೊದಲಿನ ಜಾಗಕ್ಕೆ ಕೊಡಲು ಯಾರೂ ಅವರನ್ನು ಮತ್ತೆ ಕರೆಯಲಿಲ್ಲ. ಅಲ್ಲಿಗೆ ತಪ್ಪು ಅವರೊಬ್ಬರದಲ್ಲ.

ಜುಂ

ಎರಡನೆಯ ವರ್ಷದ ಮಳೆಗಾಲ ಮುಗಿಯುವಾಗ ಅಕ್ಕ ನನಗೆ ಫೋನ್ ಮಾಡಿದ್ದರು. "ಬಾಗಿಲಿನ ಹಿಡಿ ಮುಟ್ಟಿದ್ರೆ ಒಂಥರಾ ಜುಂ ಅಂತದೆ ಮಾಷ್ಟ್ರೆ. ಬಿಸಿ ಆದ ಮೇಲೆ ಇರೂದಿಲ್ಲ."

ನಾನು ಆಗ ಉಪ್ಪಳದಲ್ಲಿ ಯಾವುದೋ ಓವನ್ ಬಿಚ್ಚಿ ಕೂತಿದ್ದೆ. "ಮಳೆಗಾಲ ಅಲ್ವಾ, ತಂಪು ಕೂತಿರ್ತದೆ. ಬಾಗಿಲು ತೆರೆದಿಟ್ಟು ಒಣಗಿಸಿ" ಎಂದೆ. ಇಎಲ್‌ಸಿಬಿ ಉಂಟಾ, ಬೀಳ್ತದಾ ಎಂದು ಕೇಳಲಿಲ್ಲ. "ಬಿಸಿ ಆದ ಮೇಲೆ ಇರೂದಿಲ್ಲ" ಎಂಬ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅರ್ತ್ ಸರಿಯಿರುವ ಕಿಲ್ನ್ ಒದ್ದೆಯಿದ್ದರೂ ಜುಂ ಅನ್ನುವುದಿಲ್ಲ. ಇದನ್ನು ಇಪ್ಪತ್ತೈದು ವರ್ಷ ಹುಡುಗರಿಗೆ ಪಾಠ ಮಾಡಿದವನು ನಾನು.

ಅವರ ಮನೆಯಲ್ಲಿ ಒಂದು ಕ್ರಮ ಹುಟ್ಟಿಕೊಂಡಿತು: ಚಪ್ಪಲಿ ಹಾಕಿಯೇ ಕಿಲ್ನ್ ಮುಟ್ಟುವುದು. ಮುಂದೆ ಒಂದು ರಬ್ಬರ್ ಮ್ಯಾಟ್ ಬಂತು. ಹೊಸಬರಿಗೂ ಅದನ್ನೇ ಹೇಳಿಕೊಟ್ಟರು. ಜುಂ ಅನ್ನುವುದು ಕಿಲ್ನ್‌ನ ಸ್ವಭಾವ ಎಂಬಂತಾಯಿತು, ಹಾಲು ಕರೆಯುವಾಗ ಒದೆಯುವ ದನದ ಹಾಗೆ.

ಆ ಸಂಜೆ ನಡೆದದ್ದು ಇಷ್ಟು. ಹಣತೆ ತುಂಬಿಸಿ ಬಾಗಿಲು ಹಾಕಿದ್ದರು. ಸಂಜೆ ಆರರಿಂದ ಹತ್ತರ ತನಕ ಅವರಲ್ಲಿ ವೋಲ್ಟೇಜ್ ಇಳಿಯುತ್ತದೆ. 230 ಇರಬೇಕಾದಲ್ಲಿ 200 ಬಂದರೆ ಕಿಲ್ನ್‌ನ ಶಕ್ತಿ ಮುಕ್ಕಾಲಿಗೆ ಇಳಿಯುತ್ತದೆ, ಯಾಕೆಂದರೆ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಕುಗ್ಗುವುದು. ಅದಕ್ಕೆ ಮೇನ್ ಸ್ವಿಚ್ ಹಾಕಿ, ಕಂಟ್ರೋಲರಿನಲ್ಲಿ ರಾತ್ರಿ ಹತ್ತಕ್ಕೆ ಶುರುವಾಗುವಂತೆ ಇಟ್ಟಿದ್ದರು. ಕೆಲಸಕ್ಕಿದ್ದ ಹತ್ತೊಂಬತ್ತರ ಹುಡುಗ ನೆಲ ತೊಳೆದ. ಚಪ್ಪಲಿ ಹೊರಗಿತ್ತು. ಇಣುಕುಕಿಂಡಿಯ ಬಿರಡೆ ಸರಿಯಾಗಿ ಕೂತಿಲ್ಲವೆಂದು ಕಂಡು, ಒಂದು ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದು ಇನ್ನೊಂದರಿಂದ ಒತ್ತಿದ. ಕೈ ಬಿಡಿಸಿಕೊಳ್ಳಲು ಆಗಲಿಲ್ಲವಂತೆ. ಒದ್ದೆ ನೆಲದಲ್ಲಿ ಕಾಲು ಜಾರಿತು, ಬಿದ್ದ ಭಾರಕ್ಕೆ ಕೈ ಕಿತ್ತು ಬಂತು. ಅವನನ್ನು ಕೊಲ್ಲಬಹುದಾಗಿದ್ದ ನೀರೇ ಉಳಿಸಿತು. ಮೇನ್ ಸ್ವಿಚ್ ಇದ್ದದ್ದು ಕಿಲ್ನ್‌ನ ಹಿಂದೆ. ಅಕ್ಕ ಓಡಿ ಬಂದರೂ ಅದನ್ನು ತಲುಪಲು ಆ ತಗಡಿಗೆ ಮೈ ತಾಗಿಸದೆ ದಾರಿಯಿರಲಿಲ್ಲ.

ನೋಡಿದ್ದು, ಅಳೆದದ್ದು

ಮರುದಿನ ಹೋದಾಗ ಮೊದಲು ಮೇನ್ ತೆಗೆದು, ಫ್ಯೂಸ್ ಕ್ಯಾರಿಯರ್‌ಗಳನ್ನು ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ. ಬೀಗ ಇಲ್ಲದಲ್ಲಿ ಅದೇ ಬೀಗ. ಸುರುಳಿಗಳ ತುದಿಯಿಂದ ಕವಚಕ್ಕೆ 500 ವೋಲ್ಟಿನ ಮೆಗ್ಗರ್ (ಕರೆಂಟ್ ಸೋರುವ ದಾರಿ ಉಂಟಾ ಎಂದು ಮೆಗಾ ಓಮ್ ಲೆಕ್ಕದಲ್ಲಿ ಅಳೆಯುವ ಮೀಟರ್) ಹಾಕಿದರೆ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಮಲ್ಟಿಮೀಟರಿನಲ್ಲಿ ಸುಮಾರು 6,000 ಓಮ್. ಲೆಕ್ಕ ಹಾಕಿ: 230 ವೋಲ್ಟಿಗೆ 38 ಮಿಲಿ ಆಂಪಿಯರ್. ನಡುವೆ ಒದ್ದೆ ಮೈಯ ಮನುಷ್ಯನನ್ನು ಸೇರಿಸಿದರೂ 30ರ ಆಸುಪಾಸು. ಸ್ನಾಯು ಬಿಗಿದು ಕೈ ಬಿಡಲಾಗದಂತಾಗಲು ಅದರ ಅರ್ಧ ಸಾಕು. ಅರ್ತ್ ಸರಿಯಿದ್ದು, ಇಎಲ್‌ಸಿಬಿಯೂ ಅದರ ಜಾಗದಲ್ಲಿ ಇದ್ದಿದ್ದರೆ ಮೇನ್ ಹಾಕಿದ ಕೂಡಲೇ ಬೀಳುತ್ತಿತ್ತು.

ಅರ್ತ್ ಎಲ್ಲಿ ಹೋಯಿತು? ಕವಚದಿಂದ ಹೊರಟ ಜಿಐ ತಂತಿ (ಸತು ಲೇಪಿಸಿದ ಕಬ್ಬಿಣದ್ದು) ನೋಡಲು ಗಟ್ಟಿಯಾಗಿಯೇ ಇತ್ತು. ನೆಲದಲ್ಲಿ ಹೂತ ಅರ್ತ್ ಪೈಪಿನ ಕ್ಲಾಂಪ್‌ಗೆ ಹಸಿರು ಪೇಂಟ್ ಬಳಿದಿದ್ದರು. ಕ್ಲಾಂಪ್ ಬಿಚ್ಚಿದರೆ ಒಳಗಿದ್ದ ತಂತಿ ಹುರಿದ ಕಾಫಿಪುಡಿಯ ಹಾಗೆ ಉದುರಿತು. ಉಪ್ಪುಗಾಳಿ ಮತ್ತು ಮಳೆ, ಮೇಲೆ ಪೇಂಟಿನ ಮರೆ. ಇನ್ನು ಪೈಪೋ, ಮುರಕಲ್ಲು ಕಡಿಯಲಾಗದೆ ನಾಲ್ಕಡಿಗೆ ನಿಲ್ಲಿಸಿದ್ದರು. ಅರ್ತಿಂಗ್‌ನ ಭಾರತೀಯ ಮಾನದಂಡ ಐಎಸ್ 3043 ಪ್ರಕಾರ ಪೈಪ್ ಎರಡೂವರೆ ಮೀಟರ್‌ಗೆ ಕಡಿಮೆಯಿರಬಾರದು.

ಇಷ್ಟಾದ ಮೇಲೆ ನಾನು ತೀರ್ಮಾನಕ್ಕೆ ಬಂದೆ: ಒದ್ದೆ ಇಟ್ಟಿಗೆ, ಸತ್ತ ಅರ್ತ್, ಬೈಪಾಸ್ ಆದ ಇಎಲ್‌ಸಿಬಿ. ಮೂರೂ ಸೇರಿ ಅಪಘಾತ. ಇಟ್ಟಿಗೆ ಒಣಗಿಸೋಣ ಎಂದು ಕಿಲ್ನ್ ಖಾಲಿ ಮಾಡಿಸಿ, ಒಳಗೆ ಎರಡು ಬಲ್ಬು ಬೇರೆ ಲೈನಿನಿಂದ ತೂಗಿಸಿ, ಬಾಗಿಲು ನಾಲ್ಕು ಬೆರಳು ತೆರೆದಿಟ್ಟೆವು. ಹಳೆ ಕಾಲದ ಬಿಸಿ ಬಲ್ಬು ಈಗ ಸಿಗುವುದು ಕಷ್ಟ, ಕೋಳಿಮರಿ ಸಾಕುವವರ ಹತ್ತಿರ ಸಿಕ್ಕಿತು. ಎರಡು ದಿನ ಹಗಲು ರಾತ್ರಿ ಉರಿಸಿ ಅಳೆದರೆ 11,000 ಓಮ್. ನಾನು ಎಣಿಸಿದ್ದು ಮೆಗಾ ಓಮ್ ಲೆಕ್ಕದಲ್ಲಿ. ಒಳಗೆ ಕೈಯಿಟ್ಟರೆ ಇಟ್ಟಿಗೆ ಹಪ್ಪಳದಷ್ಟು ಒಣಗಿತ್ತು.

ಆಗ ಮಾಡಿದೆ ನೋಡಿ, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ಹಿಂದಿನ ಟರ್ಮಿನಲ್ ಪೆಟ್ಟಿಗೆಯ ಮುಚ್ಚಳ ತೆಗೆದೆ. ಮೊದಲ ದಿನ ತೆಗೆಯದಿರಲು ಇದ್ದ ಕಾರಣ ಹೇಳಲು ನಾಚಿಕೆ: ಆರು ಸ್ಕ್ರೂಗಳ ತಲೆ ತುಕ್ಕು ಹಿಡಿದು ನುಣ್ಣಗಾಗಿದ್ದವು, ಕೊರೆದು ತೆಗೆಯಬೇಕಿತ್ತು.

ಒಳಗೆ ಕುಂಬಾರ ಹುಳದ ಗೂಡು. ಹೆಬ್ಬೆರಳು ಗಾತ್ರದ ಮಣ್ಣಿನ ಕೊಳವೆಗಳು, ಒಂದಕ್ಕೊಂದು ಅಂಟಿ ನಾಲ್ಕು. ಕೆಳಗೆ ಶೆಡ್ಡಿನ ಹದ ಮಾಡಿದ ಜೇಡಿಯನ್ನೇ ಹೊತ್ತು ತಂದು ಕಟ್ಟಿದ್ದು, ಬಣ್ಣ ನೋಡಿದರೆ ಗೊತ್ತಾಗುತ್ತಿತ್ತು. ಸುರುಳಿಯ ಬಾಲ ಹೊರಬರುವಲ್ಲಿದ್ದ ಪಿಂಗಾಣಿ ಬುಶ್ ಸೀಳಿತ್ತು. ಗೂಡು ಆ ಸೀಳಿನಿಂದ ಹಿತ್ತಾಳೆ ಬೋಲ್ಟಿನ ಮೇಲೆ ಹಾದು ತಗಡಿನ ತನಕ ಸೇತುವೆಯ ಹಾಗೆ ಕೂತಿತ್ತು. ಮಳೆಗಾಲದ ತೇವ ಹೀರಿದ ಜೇಡಿ ಕರೆಂಟಿಗೆ ಒಳ್ಳೆಯ ದಾರಿ. ಒಳಗೆ ಉರಿಸಿದ ಬಲ್ಬಿನ ಬಿಸಿ ಹಿಂದಿನ ಪೆಟ್ಟಿಗೆಗೆ ಎಲ್ಲಿಂದ ತಲುಪಬೇಕು?

ಆದರೆ ನನ್ನನ್ನು ಕೂರಿಸಿದ್ದು ಗೂಡಲ್ಲ, ಅದು ಕೂತಿದ್ದ ಬೋಲ್ಟು. ಈ ಕಿಲ್ನ್‌ನಲ್ಲಿ ಮೂರು ಸುರುಳಿಗಳು ಸ್ಟಾರ್ ಜೋಡಣೆಯಲ್ಲಿವೆ. ಪ್ರತಿಯೊಂದರ ಒಂದು ತುದಿಗೆ ಒಂದೊಂದು ಫೇಸ್, ಇನ್ನೊಂದು ತುದಿಗಳು ಮೂರೂ ಒಂದೇ ಬೋಲ್ಟಿನಲ್ಲಿ ಸೇರುತ್ತವೆ. ನ್ಯೂಟ್ರಲ್ ಇಲ್ಲ. ಕಿಲ್ನ್ ಉರಿಯುವಾಗ ಮೂರು ಫೇಸ್ ಒಂದನ್ನೊಂದು ಸರಿದೂಗಿಸಿ ಆ ಸೇರುವ ಬೋಲ್ಟಿನಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆ. ಗೂಡು ಕೂತಿದ್ದು ಅಲ್ಲಿಯೇ.

ಇನ್ನು ಕಂಟ್ರೋಲರ್ ಪೆಟ್ಟಿಗೆ. ಎರಡೇ ಎಸ್‌ಎಸ್‌ಆರ್ ಇದ್ದವು. ಕಂಟ್ರೋಲರ್ ಹೇಳಿದಂತೆ ಸುರುಳಿಗೆ ಕರೆಂಟ್ ಕೊಟ್ಟು ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್ ಅದು. ಮೂರು ತಂತಿಯ ಹೀಟರಿನಲ್ಲಿ ಎರಡು ಕಡಿದರೆ ಮೂರನೆಯದಕ್ಕೆ ಹೋಗಲು ದಾರಿಯಿಲ್ಲ, ಬಿಸಿ ನಿಲ್ಲುತ್ತದೆ. ಖರ್ಚು ಉಳಿಸಲು ಎಷ್ಟೋ ಕಡೆ ಹೀಗೆ ಮಾಡುತ್ತಾರೆ, ಬಿಸಿಯ ನಿಯಂತ್ರಣಕ್ಕೆ ಇದರಿಂದ ತೊಂದರೆಯೂ ಇಲ್ಲ. ಆದರೆ ಮೂರನೆಯ ಫೇಸ್ ಮೇನ್ ಸ್ವಿಚ್‌ನಿಂದ ನೇರ ಸುರುಳಿಗೆ. ಕಂಟ್ರೋಲರ್ "ಆಫ್" ಎನ್ನುವಾಗ ಮೂರೂ ಸುರುಳಿ, ಅವು ಸೇರುವ ಬೋಲ್ಟೂ ಸಹಿತ, ಆ ಒಂದು ಫೇಸಿನ ಪೂರ್ತಿ 230 ವೋಲ್ಟಿನಲ್ಲಿ ತೂಗಾಡುತ್ತಿರುತ್ತವೆ.

ಅಂದರೆ ಉರಿಯುವಾಗ ಸೊನ್ನೆ ಇರುವ ಬೋಲ್ಟು, ಆರಿಸಿದಾಗ 230.

ಕಿಲ್ನ್ ಶುರುವಾಗದ್ದರಿಂದಲೇ ಶಾಕ್ ಹೊಡೆಯಿತು. ಅಕ್ಕ ಒಂದು ವರ್ಷ ಮೊದಲೇ ಹೇಳಿದ್ದ "ಬಿಸಿ ಆದ ಮೇಲೆ ಇರೂದಿಲ್ಲ" ಎಂಬ ಮಾತಿಗೆ ಪೂರ್ತಿ ಅರ್ಥ ಅಲ್ಲಿತ್ತು. ಸುಡುವಿಕೆಯ ಮೊದಲಿಗೆ ಕಂಟ್ರೋಲರ್ ನಿಧಾನ ಏರಿಸಲು ಆಗಾಗ ಕಡಿಯುತ್ತಾ ಇರುತ್ತದೆ, ಕಡಿದಾಗೆಲ್ಲ ಜುಂ. ಮೇಲೆ ಹೋದಂತೆ ಹೆಚ್ಚು ಹೊತ್ತು ಹಾಕಿಯೇ ಇರುತ್ತದೆ, ಅಷ್ಟರಲ್ಲಿ ಗೂಡೂ ಒಣಗುತ್ತದೆ. ಜುಂ ಹೋಗುತ್ತದೆ.

ಮಾಡಿದ್ದು

ಗೂಡು ತೆಗೆದೆವು. ಬುಶ್ ಬದಲಿಸಲು ಸುರುಳಿಯ ಬಾಲವನ್ನು ಸ್ವಲ್ಪ ಬಾಗಿಸಬೇಕಿತ್ತು. ಒಮ್ಮೆ ಕಾದ ಕಾಂಥಾಲ್ ತಂತಿಯನ್ನು ತಣ್ಣಗಿರುವಾಗ ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ ಬಾಗಿಸಿದೆ. ಇಟ್ಟಿಗೆ ಪುಡಿಯನ್ನು ಬ್ರಷ್ ಮಾಡಿ ಹಾರಿಸಲಿಲ್ಲ, ಮಾಸ್ಕ್ ಹಾಕಿ ವ್ಯಾಕ್ಯೂಮಿನಿಂದ ಎಳೆದದ್ದು. ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹೋದರೆ ವಾಪಸ್ಸು ಬರುವುದಿಲ್ಲ. ಸುರುಳಿಗಳು ಹೊಸದಿರುವಾಗ 17.6 ಓಮ್ ಇರಬೇಕು, ಈಗ 19 ಇತ್ತು. ಹತ್ತು ಶೇಕಡಾ ಏರಿದರೆ ಬದಲಿಸುವುದು ವಾಡಿಕೆ. ಇನ್ನೊಂದು ಹಂಗಾಮು ನಡೆದೀತು ಎಂದೆ. ಜೋಡಿಸಿ ಮೆಗ್ಗರ್ ಹಾಕಿದಾಗ ಮುಳ್ಳು 4 ಮೆಗಾ ಓಮ್‌ಗೆ ಹೋಯಿತು.

ಎಸ್‌ಎಸ್‌ಆರ್‌ಗಳ ಮೊದಲು ಒಂದು ಮೂರು ಪೋಲಿನ ಕಂಟಾಕ್ಟರ್ ಕೂರಿಸಿದೆ, ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಮೂರೂ ಫೇಸ್ ಒಟ್ಟಿಗೆ ಹಿಡಿಯುವ ಸ್ವಿಚ್ ಅದು. ಸುಡುವ ಹೊತ್ತಿಗೆ ಮಾತ್ರ ಅದು ಹಿಡಿಯುತ್ತದೆ, ಉಳಿದಂತೆ ಮೂರೂ ಫೇಸ್ ಕಡಿದಿರುತ್ತದೆ. ಬಾಗಿಲು ತೆರೆದರೆ ಬೀಳಬೇಕಾದ ಲಿಮಿಟ್ ಸ್ವಿಚ್ಚನ್ನೂ, ಬೇರೆ ಥರ್ಮೋಕಪಲ್ (ಒಳಗಿನ ಬಿಸಿ ಅಳೆಯುವ ಕಡ್ಡಿ) ಇರುವ, ಬಿಸಿ ಮಿತಿ ಮೀರಿದರೆ ಕಡಿಯುವ ಇನ್ನೊಂದು ಮೀಟರನ್ನೂ ಅದರ ಕಾಯಿಲ್‌ಗೆ ಸರಣಿಯಲ್ಲಿ ಕೊಟ್ಟೆ. ಎಸ್‌ಎಸ್‌ಆರ್ ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಕಡಿಯುವುದೇ ಇಲ್ಲ. ಆಗ ಕಿಲ್ನ್ ತನ್ನಷ್ಟಕ್ಕೆ ಏರುತ್ತಾ ಹೋಗುತ್ತದೆ. ಆ ಭಯಕ್ಕೂ ಈ ಕಂಟಾಕ್ಟರ್ ಮದ್ದು. ಮೇನ್ ಸ್ವಿಚ್ ಶೆಡ್ಡಿನ ಬಾಗಿಲ ಹತ್ತಿರ ಬಂತು, ಬೀಗ ಹಾಕುವಂಥದ್ದು.

ಅರ್ತ್‌ಗೆ ಜಾಗ ಹುಡುಕಿದ್ದು ಅತ್ತೆಯವರು. "ಬಚ್ಚಲಿನ ನೀರು ಹೋಗುವಲ್ಲಿ ಬಾಳೆ ಉಂಟಲ್ಲ, ಅಲ್ಲಿ ಗುದ್ದಲಿ ಹಾಕಿ ಮಗಾ. ಬೇಸಗೆಯಲ್ಲೂ ತಂಪು." ಎರಡೂವರೆ ಮೀಟರಿನ ಎರಡು ಪೈಪು, ಇದ್ದಿಲು, ಉಪ್ಪು. ಎರಡನ್ನೂ ಕೂಡಿಸಿ ಅಳೆದರೆ 8 ಓಮ್.

ಇಲ್ಲಿ ಅಕ್ಕನ ಗಂಡ ಒಂದು ಪ್ರಶ್ನೆ ಕೇಳಿದರು. "ಅರ್ತ್ ಇಷ್ಟು ಗಟ್ಟಿ ಆದ ಮೇಲೆ ಆ ಇಎಲ್‌ಸಿಬಿ ಯಾಕೆ ಮಾಷ್ಟ್ರೆ? ಕರೆಂಟ್ ಕವಚಕ್ಕೆ ಬಂದ್ರೆ ಎಂಸಿಬಿ ಬೀಳ್ತದಲ್ಲ?" ನ್ಯಾಯವಾದ ಪ್ರಶ್ನೆ. ಕಾಗದದಲ್ಲಿ ಬರೆದು ತೋರಿಸಿದೆ. ಸುರುಳಿಯೇ ಕವಚಕ್ಕೆ ತಾಗಿದರೂ 230ನ್ನು 8ರಿಂದ ಭಾಗಿಸಿದರೆ ಸುಮಾರು 29 ಆಂಪಿಯರ್. ಅವರ ಎಂಸಿಬಿ 32ರದ್ದು. ಅದು ಬೀಳುವುದೇ ಇಲ್ಲ, ಕಿಲ್ನ್‌ನ ಕವಚ ರಾತ್ರಿಯಿಡೀ ಜೀವಂತ ಇರುತ್ತದೆ. 32 ತೆಗೆದು, 13 ಆಂಪಿಯರ್ ಎಳೆಯುವ ಕಿಲ್ನ್‌ಗೆ ಸಾಕಾಗುವ 20ರದ್ದು ಹಾಕಿದೆವು. ಆದರೂ 29ಕ್ಕೆ ಅದು ಬೀಳಲು ಎಷ್ಟೋ ನಿಮಿಷ ಬೇಕು. ನಮ್ಮ ಮುರಕಲ್ಲಿನ ನೆಲದಲ್ಲಿ ಪೈಪ್ ಅರ್ತ್ ಒಂದನ್ನೇ ನಂಬಿ ಕೂರುವಂತಿಲ್ಲ ಎಂಬುದಕ್ಕೆ ಈ ಒಂದು ಭಾಗಾಕಾರ ಸಾಕು. ಹೊಸ ಇಎಲ್‌ಸಿಬಿ, ನಾಲ್ಕು ಪೋಲಿನದು, ಕಿಲ್ನ್‌ಗೆಂದೇ ಬೇರೆ ಹಾಕಿದೆವು. ಮನೆಯ ಲೈಟಿಗೂ ಕಿಲ್ನ್‌ಗೂ ಒಂದೇ ಇದ್ದರೆ, ಕಿಲ್ನ್ ಸೋರಿದಾಗ ಮನೆ ಕತ್ತಲಾಗುತ್ತದೆ. ಕತ್ತಲಾದ ಮನೆಯವರು ಬೈಪಾಸ್ ಮಾಡಿಸುತ್ತಾರೆ. ಮೊದಲ ವರ್ಷ ಆದದ್ದೂ ಅದೇ.

30 ಮಿಲಿಯದ್ದೇ ಬೇಕಾ, 100ರದ್ದು ಹಾಕೋಣವಾ ಎಂದು ನನಗೂ ಅಳುಕಿತ್ತು. ಒಣ ಇಟ್ಟಿಗೆಯೂ ಸಾವಿರ ಡಿಗ್ರಿ ದಾಟಿದ ಮೇಲೆ ಕರೆಂಟನ್ನು ಸ್ವಲ್ಪ ಸ್ವಲ್ಪ ಹಾಯಿಸಲು ಶುರುಮಾಡುತ್ತದೆ. ಕೆಲವು ಕಿಲ್ನ್‌ಗಳಲ್ಲಿ ಅಷ್ಟಕ್ಕೇ 30ರದ್ದು ಬೀಳುತ್ತದೆ. ಮೊದಲ ಖಾಲಿ ಸುಡುವಿಕೆಗೆ ನಾನೇ ಕೂತು, ಮೂರೂ ಫೇಸ್ ತಂತಿಗಳನ್ನು ಒಟ್ಟಿಗೆ ಲೀಕೇಜ್ ಕ್ಲಾಂಪ್ ಮೀಟರಿನೊಳಗೆ ಹಿಡಿದು ನೋಡಿದೆ. ಶುರುವಿಗೆ 4 ಮಿಲಿ, 300 ಡಿಗ್ರಿಯಲ್ಲಿ 2, 1,050ಕ್ಕೆ 7. ಹಾಗಾಗಿ 30ರದ್ದೇ ಉಳಿಯಿತು.

ಈಗ ಯಾರಾದರೂ "ಟ್ರಿಪ್ ಆಗ್ತದೆ" ಎಂದು ಫೋನ್ ಮಾಡಿದರೆ ನಾನು ಕೇಳುವ ಮೊದಲ ಮಾತು "ಯಾವಾಗ?" ಮೇನ್ ಹಾಕಿದ ಕೂಡಲೇ ಎಂದರೆ ಟರ್ಮಿನಲ್ ಪೆಟ್ಟಿಗೆ, ಬುಶ್, ತೇವ. ಒಂದೆರಡು ಗಂಟೆ ಕಳೆದು, ನೂರಿನ್ನೂರು ಡಿಗ್ರಿಯ ಹತ್ತಿರ ಎಂದರೆ ಪಾತ್ರೆ ಮತ್ತು ಇಟ್ಟಿಗೆಯಿಂದ ಹೊರಟ ಹಬೆ ಹೊರಗಿನ ತಂಪು ಇಟ್ಟಿಗೆಯಲ್ಲಿ ನೀರಾಗುತ್ತಿದೆ, ಇಣುಕುಕಿಂಡಿ ತೆರೆದಿಟ್ಟು ಇನ್ನೂ ನಿಧಾನ ಏರಿಸಬೇಕು. ಸಾವಿರದ ಮೇಲೆ ಎಂದರೆ ಬಿಸಿ ಇಟ್ಟಿಗೆ, ಇಲ್ಲವೇ ಜೋತುಬಿದ್ದ ಸುರುಳಿ ಥರ್ಮೋಕಪಲ್‌ಗೆ ತಾಗಿದ್ದು. ಟ್ರಿಪ್ ಆಗುವುದಿಲ್ಲ, ಮುಟ್ಟಿದರೆ ಮಾತ್ರ ಜುಂ ಎಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತೇನೆ.

ಹುಡುಗ ಎರಡು ವಾರ ಬಿಟ್ಟು ಕೆಲಸಕ್ಕೆ ಬಂದ. ಕಿಲ್ನ್ ಮುಟ್ಟಲು ಮತ್ತೂ ಒಂದು ತಿಂಗಳು ಒಪ್ಪಲಿಲ್ಲ, ಯಾರೂ ಒತ್ತಾಯಿಸಲೂ ಇಲ್ಲ. ಗೂಡಿನ ಒಂದು ಕೊಳವೆ ಒಡೆಯದೆ ಉಳಿದಿತ್ತು. ಅತ್ತೆಯವರು ಅದನ್ನು ಹಣತೆಗಳ ನಡುವೆ ಇಟ್ಟು ಸುಡಿಸಿದರು. ಬಿರುಕಿಲ್ಲದೆ ಕೆಂಪಗೆ ಬಂದಿದೆ.

ಮರುವರ್ಷ ಸೆಪ್ಟೆಂಬರಿನಲ್ಲಿ ಅಕ್ಕನ ಫೋನ್. "ಮಾಷ್ಟ್ರೆ, ಇಎಲ್‌ಸಿಬಿ ಬಿತ್ತು. ಮೇನ್ ಹಾಕಿದ್ಮೇಲೆ ಬೀಳ್ಲಿಲ್ಲ, ಕಂಟಾಕ್ಟರ್ ಟಕ್ ಅಂದ ಕೂಡ್ಲೇ ಬಿತ್ತು. ಬೀಗ ಹಾಕಿದೇನೆ. ಹಿಂದಿನ ಮುಚ್ಚಳ ತೆಗ್ದು ನೋಡಿದೆ, ಗೂಡಿಲ್ಲ. ಬಲ್ಬು ಉರಿಸ್ತಾ ಇದೇನೆ." ನಾನು ಬರಬೇಕಾ ಎಂದು ಕೇಳಿದೆ. ಎರಡು ದಿನ ನೋಡಿ ಹೇಳ್ತೇನೆ ಎಂದರು. ಮೂರನೆಯ ದಿನ ರಾತ್ರಿ ಹತ್ತಕ್ಕೆ ಹಣತೆ ಹಚ್ಚಿದರಂತೆ, ಬೀಳಲಿಲ್ಲ.